ಅಪಘಾತಕ್ಕೂ ಒಂದು ಲೆಕ್ಕದ ಪುಸ್ತಕ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ)



ಬ್ಯಾಂಕಿನವರು ಸಂಘದ ಗ್ರೇಡಿಂಗ್‌ಗೆ ಬಂದಾಗ ಬಾಯಿಮಾತಿನ ಲೆಕ್ಕ ಒಪ್ಪುತ್ತಾರಾ? "ಪುಸ್ತಕ ತೋರಿಸಿ" ಅಂತಾರೆ. ರಸ್ತೆ ಅಪಘಾತದ ವಿಷಯವೂ ಹಾಗೆಯೇ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರ ಯಜಮಾನರು ರಾತ್ರಿ ಕೆಲಸ ಮುಗಿಸಿ ಬರುವಾಗ ತಿರುವಿನಲ್ಲಿದ್ದ ಹೊಂಡಕ್ಕೆ ಬೈಕ್ ಇಳಿದು ಕಾಲು ಮುರಿದುಕೊಂಡರು. ಸಂಘದ ಸಾಲ ತೆಗೆದು ಆಪರೇಷನ್ ಮಾಡಿಸಿದ್ದಾಯ್ತು. ಠಾಣೆಗೆ ಯಾರೂ ಹೋಗಲಿಲ್ಲ. "ತಾನೇ ಬಿದ್ದದ್ದು, ಯಾರ ಮೇಲೆ ದೂರು ಕೊಡೋದು?" ಅಂದರು. ಅದೇ ಜಾಗದಲ್ಲಿ ಮೊದಲು ಇನ್ನಿಬ್ಬರು ಬಿದ್ದಿದ್ದರಂತೆ, ಅವರೂ ದೂರು ಕೊಟ್ಟಿರಲಿಲ್ಲ. ಹಾಗಾಗಿ ಕಾಗದದ ಮೇಲೆ ಅದು ಇವತ್ತಿಗೂ ಬಹಳ ಒಳ್ಳೆಯ ತಿರುವು!

2022ರಲ್ಲಿ ನಮ್ಮ ದೇಶದಲ್ಲಿ 1,68,491 ಜನ ರಸ್ತೆ ಅಪಘಾತದಲ್ಲಿ ಸತ್ತರು. ಅವರಲ್ಲಿ ಹತ್ತಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇದು ಪೊಲೀಸರ ದಾಖಲೆಗೆ ಬಂದ ಲೆಕ್ಕ.

ಈ ಲೆಕ್ಕದಿಂದ ಏನು ಪ್ರಯೋಜನ? ಕೇಂದ್ರ ಸಾರಿಗೆ ಸಚಿವಾಲಯ 2015ರಲ್ಲಿ ಒಂದು ನಿಯಮ ಮಾಡಿತು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಇಲ್ಲವೇ 10 ಸಾವು ಆಗಿದ್ದರೆ ಅದು 'ಬ್ಲ್ಯಾಕ್ ಸ್ಪಾಟ್'. ಹಾಗೆ ಗುರುತಿಸಿದ ಜಾಗವನ್ನು ಸರಿಪಡಿಸಬೇಕು. ಜಾಗವನ್ನೇ ತಪ್ಪಾಗಿ ಬರೆದರೆ? ಎಣಿಕೆ ಕೂಡುವುದೇ ಇಲ್ಲ. ಇದಕ್ಕಾಗಿಯೇ 2021ರಲ್ಲಿ 'ಐರಾಡ್' ಎಂಬ ಮೊಬೈಲ್ ಆ್ಯಪ್ ಬಂತು. ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಸ್ಥಳದಲ್ಲೇ ನಿಂತು ಜಾಗ, ಫೋಟೊ, ರಸ್ತೆಯ ಸ್ಥಿತಿ ದಾಖಲಿಸುತ್ತಾರೆ. ಆದರೆ ಅವರಿಗೆ ಗೊತ್ತಾದರೆ ತಾನೇ ದಾಖಲಿಸೋದು?

ತಿಳಿಸಲು ಭಯ ಬೇಡ. 112ಕ್ಕೆ ಫೋನ್ ಮಾಡಿ. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಎಂದು ಒತ್ತಾಯಿಸುವಂತೆಯೂ ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಮಾಡಿದ ತಿದ್ದುಪಡಿ ಮತ್ತು ಅದರಡಿಯ ನಿಯಮಗಳಲ್ಲಿ ಇದಿದೆ.

ಇನ್ನು ನಮ್ಮ ಕೆಲಸ. ನಡಾವಳಿ ಪುಸ್ತಕದ ಕೊನೆಯ ಎರಡು ಪುಟ ಇದಕ್ಕೆ ಬಿಡಿ. ತಾರೀಖು, ಹೊತ್ತು, ಯಾವ ವಾಹನ, ಮಳೆ ಇತ್ತೇ, ಬೀದಿದೀಪ ಉರಿಯುತ್ತಿತ್ತೇ ಬರೆಯಿರಿ. ಜಾಗಕ್ಕೆ "ಪೇಟೆ ಹತ್ತಿರ" ಅಂತ ಬರೆದರೆ ಸಾಲದು. ಕಿಲೋಮೀಟರ್ ಕಲ್ಲು ಅಥವಾ ಕರೆಂಟ್ ಕಂಬದ ನಂಬರ್ ಹಾಕಿ. ಯಾರದ್ದು ತಪ್ಪು ಅಂತ ಮಾತ್ರ ಬರೆಯಬೇಡಿ, ಹೆಸರೂ ಬೇಡ. ಅಲ್ಲಿಗೆ ಜಗಳ ಶುರು, ಹೊಂಡ ಮರೆತೇ ಹೋಗುತ್ತದೆ.

ಆ ಪುಟದ ಪ್ರತಿಯೊಂದಿಗೆ ಗ್ರಾಮಸಭೆಗೆ ಮನವಿ ಕೊಡಿ. ದೊಡ್ಡ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಪೊದೆ ಕಡಿಯಲು, ಹಂಪ್‌ಗೆ ಬಿಳಿ ಬಣ್ಣ ಬಳಿಯಲು ಲಕ್ಷಗಟ್ಟಲೆ ಬೇಕಿಲ್ಲ.

ಮುಂದಿನ ಸಭೆಗೆ ಪ್ರತಿ ಸಂಘದವರು ತಮ್ಮ ಊರಿನ ಒಂದು ಜಾಗದ ವಿವರ ಬರೆದು ತನ್ನಿ. ಆ ತಿರುವಿನದ್ದು ನಾವು ಬರೆದಿದ್ದೇವೆ.