ಕಲಿಸುವವರೂ ಕಲಿಯಬೇಕು



ನಾವು ಶಾಲೆಯ ಟೀಚರುಗಳು. ಐದು, ಆರು, ಏಳನೇ ತರಗತಿಗೆ ಕಲಿಸುತ್ತೇವೆ. ಕಲಿಸುವ ನಮಗೂ ದಾರಿ ತೋರಿಸುವವರು ಬೇಕು. ಯಾಕೆ ಅಂತೀರಾ?

ಒಂದು ದಿನ ಆರನೇ ತರಗತಿಯಲ್ಲಿ ಲೆಕ್ಕದ ಪಾಠ. "ಮೂರರಲ್ಲಿ ಒಂದು ಪಾಲು ದೊಡ್ಡದೋ? ಐದರಲ್ಲಿ ಒಂದು ಪಾಲು ದೊಡ್ಡದೋ?" ಎಂದು ಕೇಳಿದೆವು. "ಐದರಲ್ಲಿ ಒಂದು" ಎಂದಳು ಒಬ್ಬ ಹುಡುಗಿ. ನಮಗೆ ಸಿಟ್ಟು ಬಂತು. ಬೈದೆವು. ಅವಳು ಅತ್ತಳು. "ನಾಳೆಯಿಂದ ಶಾಲೆಗೆ ಬರಲ್ಲ" ಅಂದಳು.

ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳ ಎದುರು ನಮಗೆ ಒಂದು ಮಾತೂ ಅನ್ನಲಿಲ್ಲ. ಗಂಟೆ ಹೊಡೆದ ಮೇಲೆ ಕರೆದರು. "ಅವಳು ಯಾಕೆ ಹಾಗಂದಳು, ಕೇಳಿದಿರಾ? ಮೂರಕ್ಕಿಂತ ಐದು ದೊಡ್ಡದಲ್ಲವಾ! ನಾಳೆ ಎರಡು ರೊಟ್ಟಿ ತನ್ನಿ" ಅಂದರು. ಸಂಜೆ ನಮ್ಮ ಜೊತೆ ಆ ಹುಡುಗಿಯ ಮನೆಗೂ ಬಂದರು.

ಮರುದಿನ ಅವಳು ಬಂದಳು. ಒಂದೇ ಅಳತೆಯ ಎರಡು ರೊಟ್ಟಿ. ಒಂದನ್ನು ಮೂರು ಸಮಪಾಲು ಮಾಡಿದೆವು. ಇನ್ನೊಂದನ್ನು ಐದು ಸಮಪಾಲು ಮಾಡಿದೆವು. ಅವಳೇ ಮೊದಲು ಹೇಳಿದಳು: "ತಿನ್ನೋರು ಹೆಚ್ಚಾದ್ರೆ ಪಾಲು ಸಣ್ಣದಾಗುತ್ತೆ!"

"ಇವತ್ತಿನ ಪಾಠ ಚೆನ್ನಾಗಿತ್ತು" ಅಂದರು ಹೆಡ್ ಮೇಡಂ. ನಮಗೂ ಧೈರ್ಯ ಬಂತು. ಈಗ ನಾವು ಸೋತ ಪಾಠವನ್ನು ಮುಚ್ಚಿಡುವುದಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡು ತಿದ್ದಿಕೊಳ್ಳುತ್ತೇವೆ.

ತಾಯಂದಿರೇ, ಶಾಲೆ ನಿಮ್ಮದೂ ಹೌದು. 2009ರ ಶಿಕ್ಷಣ ಹಕ್ಕು ಕಾಯಿದೆ ಏನು ಹೇಳುತ್ತದೆ? ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ, ಪೋಷಕರು ಇರಬೇಕು. ಅರ್ಧದಷ್ಟು ಹೆಂಗಸರು ಇರಬೇಕು.

ಸಭೆಗೆ ಬನ್ನಿ. "ನಮ್ಮ ಮಕ್ಕಳಿಗೆ ಪಾಠ ಅರ್ಥ ಆಗ್ತಿದೆಯಾ?" ಎಂದು ಕೇಳಿ. ನೀವು ಕೇಳಿದರೆ ನಾವೂ ಕಲಿಯುತ್ತೇವೆ.