ದಾಖಲೆ ನಮ್ಮದು, ಕೀಲಿಯೂ ನಮ್ಮಲ್ಲಿರಲಿ

(ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಪದವಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಎಂದ ಕೂಡಲೇ ನಾವು ದೊಡ್ಡ ಕಂಪೆನಿ, ದೊಡ್ಡ ಸಂಬಳದ ಕಡೆ ನೋಡುತ್ತೇವೆ. ನಾನು ಇಂದು ಒಂದು ಸಣ್ಣ ವಿಷಯದ ಬಗ್ಗೆ ಮಾತನಾಡುತ್ತೇನೆ. ಒಂದು ಸಣ್ಣ ಸಂಸ್ಥೆ, ಒಂದು ಶಾಲೆ, ಒಂದು ಗ್ರಂಥಾಲಯ ತನ್ನ ದಾಖಲೆಗಳನ್ನು ಹೇಗೆ ಇಟ್ಟುಕೊಳ್ಳಬೇಕು? ಅದಕ್ಕೆ ಹಣ ಕೊಡದೆ, ಯಾರ ಅನುಮತಿಗೂ ಕಾಯದೆ ಬಳಸಬಹುದಾದ ಸಲಕರಣೆಗಳು ಯಾವುವು?

ವಿದ್ಯಾರ್ಥಿವೇತನ ಕೊಡುವ ಒಂದು ಸಂಸ್ಥೆಯನ್ನೇ ತೆಗೆದುಕೊಳ್ಳಿ. ಹತ್ತು ವರ್ಷಗಳ ಅರ್ಜಿಗಳಿವೆ. ಕೆಲವು ರಿಜಿಸ್ಟರ್ ಪುಸ್ತಕದಲ್ಲಿ, ಕೆಲವು ಎಕ್ಸೆಲ್ ಹಾಳೆಯಲ್ಲಿ, ಇನ್ನು ಕೆಲವು ಯಾರೋ ಮಾಡಿಕೊಟ್ಟ ತಂತ್ರಾಂಶದಲ್ಲಿ. ಮಾಡಿಕೊಟ್ಟವರು ಊರು ಬಿಟ್ಟರೆ ಆ ತಂತ್ರಾಂಶ ತೆರೆಯುವುದಿಲ್ಲ. ಕಳೆದ ವರ್ಷ ನೆರವು ಪಡೆದ ಹುಡುಗಿ ಈ ವರ್ಷ ಯಾವ ತರಗತಿಯಲ್ಲಿದ್ದಾಳೆ, ಓದು ನಿಲ್ಲಿಸಿದಳೇ ಎಂದು ಕೇಳಿದರೆ ಉತ್ತರವಿಲ್ಲ. ದಾಖಲೆ ಕಳೆದುಹೋದಾಗ ಕಳೆದುಹೋಗುವುದು ಕಾಗದವಷ್ಟೇ ಅಲ್ಲ, ಒಂದು ಮಗುವಿನ ಗುರುತು.

ಇಂತಹ ಕೆಲಸಕ್ಕೆ ಒಳ್ಳೆಯ ಉತ್ತರ ಎಸ್‌ಕ್ಯೂಲೈಟ್. ಇದರ ಹುಟ್ಟೇ ಒಂದು ಪಾಠ. ಅಮೆರಿಕದ ರಿಚರ್ಡ್ ಹಿಪ್ ಅವರು ಅಲ್ಲಿನ ನೌಕಾಪಡೆಯ ಯುದ್ಧನೌಕೆಗೆ ಬೇಕಾದ ಒಂದು ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ನೌಕೆಗೆ ಪೆಟ್ಟು ಬಿದ್ದಾಗ ಹಾನಿಯನ್ನು ನಿಯಂತ್ರಿಸಲು ನೆರವಾಗುವ ತಂತ್ರಾಂಶ ಅದು. ಅದಕ್ಕೆ ಮಾಹಿತಿ ಒದಗಿಸುತ್ತಿದ್ದುದು ಪ್ರತ್ಯೇಕವಾದ ಒಂದು ಡೇಟಾಬೇಸ್ ಸರ್ವರ್. ಸರ್ವರ್ ನಿಂತರೆ ತಂತ್ರಾಂಶವೂ ನಿಲ್ಲುತ್ತಿತ್ತು. ಹಾಗಾದರೆ ಸರ್ವರೇ ಇಲ್ಲದ ಡೇಟಾಬೇಸ್ ಏಕೆ ಇರಬಾರದು ಎಂದು ಅವರು ಯೋಚಿಸಿದರು. 2000ರ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಇಂದಿಗೂ ಬಳಕೆಯಲ್ಲಿರುವ ಮೂರನೆಯ ಆವೃತ್ತಿಯ ಸರಣಿ ಬಂದದ್ದು 2004ರಲ್ಲಿ.

ಇದರ ವಿಶೇಷವೇನು? ಪಟ್ಟಿಗಳು, ಸೂಚಿಗಳು, ಮಾಹಿತಿ ಎಲ್ಲವೂ ಒಂದೇ ಕಡತದಲ್ಲಿ ಇರುತ್ತವೆ. ಆ ಕಡತವನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಒಯ್ದರೂ ಹಾಗೆಯೇ ತೆರೆಯುತ್ತದೆ. ಎಂಜಿನ್ 1 ಎಂಬಿಗಿಂತಲೂ ಚಿಕ್ಕದು. ಬಳಸುವ ತಂತ್ರಾಂಶದ ಒಳಗೇ ಅಡಗಿ ಕೂರುತ್ತದೆ. ಅದಕ್ಕೇ ಇದನ್ನು ಅಂತರ್ಗತ ಡೇಟಾಬೇಸ್ ಎನ್ನುವುದು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಸಂಪರ್ಕ ಪಟ್ಟಿ, ವಾಟ್ಸ್‌ಆ್ಯಪ್ ಸಂದೇಶಗಳು, ಫೈರ್‌ಫಾಕ್ಸ್‌ನ ಪುಟಗುರುತುಗಳು ಎಲ್ಲವೂ ಇದರಲ್ಲೇ ಇವೆ. ಜಗತ್ತಿನಲ್ಲಿ ಬಳಕೆಯಲ್ಲಿರುವ ಇಂತಹ ಕಡತಗಳು 1 ಲಕ್ಷ ಕೋಟಿಗೂ ಹೆಚ್ಚು ಎಂಬುದು ತಯಾರಕರ ಅಂದಾಜು. ನೀವು ದಿನವೂ ಬಳಸುತ್ತಿದ್ದೀರಿ, ಹೆಸರು ಮಾತ್ರ ತಿಳಿದಿರಲಿಲ್ಲ.

ಇದು ಬರೇ ಪುಕ್ಕಟೆಯಲ್ಲ. ಇದಕ್ಕೆ ಮಾಲೀಕರೇ ಇಲ್ಲ. ಹಿಪ್ ಅವರು ಇದನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿದ್ದಾರೆ. ಊರ ಬಾವಿಯಂತೆ ಯಾರೂ ಸೇದಬಹುದು, ಯಾರೂ ಬೀಗ ಹಾಕುವಂತಿಲ್ಲ. 2050ರವರೆಗೆ ನೋಡಿಕೊಳ್ಳುವ ಉದ್ದೇಶ ತಮಗಿದೆ ಎಂದು ತಯಾರಕರು ಪ್ರಕಟಿಸಿದ್ದಾರೆ. ದತ್ತಾಂಶವನ್ನು ದೀರ್ಘಕಾಲ ಕಾಪಾಡಲು ತಕ್ಕ ರೂಪಗಳಲ್ಲಿ ಒಂದೆಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಶಿಫಾರಸು ಮಾಡಿದೆ.

ಇನ್ನು ಸಲಕರಣೆಗಳಿಗೆ ಬರೋಣ. ಮೊದಲನೆಯದು ಎಸ್‌ಕ್ಯೂಲೈಟ್‌ನ ಜೊತೆಯಲ್ಲೇ ಬರುವ ಆಜ್ಞಾಸಾಲಿನ ಉಪಕರಣ. ಕಪ್ಪು ಪರದೆ ನೋಡಿ ಹೆದರಬೇಡಿ. ಕಡತ ಕೆಟ್ಟಾಗ ಅದರಿಂದ ಮಾಹಿತಿಯನ್ನು ಹೊರತೆಗೆಯುವ ಸೌಲಭ್ಯ ಇದರಲ್ಲಿದೆ. ಎರಡನೆಯದು ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್. 2003ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶ ಎಕ್ಸೆಲ್ ಬಲ್ಲವರಿಗೆ ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ. ನಿಮ್ಮ ಹಳೆಯ ಹಾಳೆಯನ್ನು ಸಿಎಸ್‌ವಿ ರೂಪದಲ್ಲಿ ಉಳಿಸಿ ಇದರೊಳಗೆ ತರಬಹುದು. ಒಂದು ಎಚ್ಚರಿಕೆ: ಬದಲಾವಣೆಗಳನ್ನು ಬರೆಯುವ ಗುಂಡಿ ಒತ್ತುವವರೆಗೆ ನೀವು ತಿದ್ದಿದ್ದು ಕಡತಕ್ಕೆ ಸೇರುವುದಿಲ್ಲ. ಮೂರನೆಯದು ಎಸ್‌ಕ್ಯೂಲೈಟ್ ಸ್ಟುಡಿಯೋ. ಇದೂ ಮುಕ್ತ ತಂತ್ರಾಂಶವೇ. ಪೈಥಾನ್ ಕಲಿಯುವವರಿಗಂತೂ 2006ರಲ್ಲಿ ಬಂದ 2.5ನೇ ಆವೃತ್ತಿಯಿಂದ ಎಸ್‌ಕ್ಯೂಲೈಟ್ ಬಳಸುವ ಸೌಲಭ್ಯ ಭಾಷೆಯೊಂದಿಗೇ ಬರುತ್ತಿದೆ. 2017ರಲ್ಲಿ ಸೈಮನ್ ವಿಲಿಸನ್ ಹೊರತಂದ ಡೇಟಾಸೆಟ್ ಎಂಬ ಉಪಕರಣ ಇಂತಹ ಕಡತವನ್ನು ಎಲ್ಲರೂ ಹುಡುಕಿ ಓದಬಹುದಾದ ಪುಟಗಳನ್ನಾಗಿ ಮಾಡುತ್ತದೆ. ಗ್ರಂಥಾಲಯದ ಪುಸ್ತಕ ಪಟ್ಟಿಗೆ ಇದು ಬಹಳ ಚೆನ್ನ.

ಆದರೆ ಸಲಕರಣೆ ಸಿಕ್ಕಿದ ಮಾತ್ರಕ್ಕೆ ದಾಖಲೆ ನೆಟ್ಟಗಾಗುವುದಿಲ್ಲ. ನಮ್ಮ ನೆಲದ ನಾಲ್ಕು ತೊಡಕುಗಳನ್ನು ಹೇಳುತ್ತೇನೆ.

ಒಂದು, ಹೆಸರು. ಒಬ್ಬನೇ ಹುಡುಗನ ಹೆಸರು ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮಹಮ್ಮದ್, ಮತ್ತೊಂದು ಕಡೆ ಮೊಹಮ್ಮದ್ ಎಂದಿರುತ್ತದೆ. ಯಂತ್ರದ ಕಣ್ಣಿಗೆ ಅವರು ಮೂವರು. ಆದ್ದರಿಂದ ಹೆಸರನ್ನು ಗುರುತಾಗಿ ನೆಚ್ಚಬೇಡಿ. ಪ್ರತಿ ವಿದ್ಯಾರ್ಥಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ವಿದ್ಯಾರ್ಥಿಗಳ ಪಟ್ಟಿಯನ್ನೂ ನೆರವಿನ ಪಟ್ಟಿಯನ್ನೂ ಆ ಸಂಖ್ಯೆಯಿಂದಲೇ ಜೋಡಿಸಿ.

ಎರಡು, ಸೊನ್ನೆ. ಮಂಗಳೂರಿನ ದೂರವಾಣಿ ಸಂಕೇತ 0824. ಫೋನ್ ಸಂಖ್ಯೆಯ ಅಂಕಣವನ್ನು ಪೂರ್ಣಾಂಕ ಎಂದು ಮಾಡಿದರೆ ಮುಂದಿನ ಸೊನ್ನೆ ಮಾಯವಾಗುತ್ತದೆ. ಕೂಡಿ ಕಳೆಯುವ ಉದ್ದೇಶವಿಲ್ಲದ ಅಂಕಿಗಳನ್ನು ಪಠ್ಯವಾಗಿಯೇ ಇಡಿ.

ಮೂರು, ಕನ್ನಡ. ಎಸ್‌ಕ್ಯೂಲೈಟ್ ಯೂನಿಕೋಡ್ ಕನ್ನಡವನ್ನು ಯಾವ ತಕರಾರೂ ಇಲ್ಲದೆ ಉಳಿಸಿಕೊಳ್ಳುತ್ತದೆ. ಆದರೆ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಕಾರಾದಿಯಲ್ಲೂ ಒಂದು ಕೊರತೆಯಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಯೂನಿಕೋಡ್ ಪಟ್ಟಿಯಲ್ಲಿ ಅದು ‘ಲ’ದ ನಂತರ, ‘ವ’ದ ಮೊದಲೇ ಬರುತ್ತದೆ. ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಆ ಪಟ್ಟಿಯ ಕ್ರಮದಲ್ಲೇ ಜೋಡಿಸುವುದರಿಂದ ‘ಹಳ್ಳಿ’ ಎಂಬುದು ‘ಹವಳ’ಕ್ಕಿಂತ ಮುಂದೆ ಬಂದು ಕೂರುತ್ತದೆ. ‘ಕನ್ನಡ’ ಪದದ ಉದ್ದ ಕೇಳಿದರೆ 5 ಎನ್ನುತ್ತದೆ, ಒತ್ತಕ್ಷರವನ್ನು ಬಿಡಿಸಿ ಎಣಿಸುವುದರಿಂದ. ಭಾಷೆಗೆ ತಕ್ಕ ಕ್ರಮ ಬೇಕಾದವರಿಗೆ ಐಸಿಯು ಎಂಬ ವಿಸ್ತರಣೆ ಇದೆ. ಇಂತಹವುಗಳನ್ನು ಸರಿಪಡಿಸುವುದು ಕನ್ನಡ ಬಲ್ಲ ಕಂಪ್ಯೂಟರ್ ವಿದ್ಯಾರ್ಥಿಗಳಾದ ನಿಮ್ಮ ಕೆಲಸವೇ ಹೊರತು ಬೇರೆ ದೇಶದವರದ್ದಲ್ಲ.

ನಾಲ್ಕು, ಗುಟ್ಟು. ಇದು ಬಹಳ ಮುಖ್ಯ. ತಂದೆಯ ಆದಾಯ, ಮನೆಯ ಕಷ್ಟ, ಕಾಯಿಲೆ ಇವೆಲ್ಲ ಅರ್ಜಿಯಲ್ಲಿರುತ್ತವೆ. ಒಂದೇ ಕಡತ ಎಂಬುದು ಅನುಕೂಲವೂ ಹೌದು, ಅಪಾಯವೂ ಹೌದು. ಒಂದು ಪೆನ್‌ಡ್ರೈವ್ ಸಾಕು, ಎಲ್ಲರ ಬಡತನವೂ ಬೀದಿಗೆ ಬರುತ್ತದೆ. ಉಚಿತವಾಗಿ ಸಿಗುವ ಎಸ್‌ಕ್ಯೂಲೈಟ್‌ನಲ್ಲಿ ಗೂಢಲಿಪಿಯ ವ್ಯವಸ್ಥೆ ಇಲ್ಲ. ಅದಕ್ಕೆ ಎಸ್‌ಕ್ಯೂಎಲ್‌ಸೈಫರ್ ಎಂಬ ಮುಕ್ತ ತಂತ್ರಾಂಶ ಬಳಸಿ. 2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಆದರೆ ಕಾನೂನಿಗಿಂತ ಮೊದಲು ಇದು ಅಮಾನತ್ತಿನ ಪ್ರಶ್ನೆ. ನಂಬಿ ಕೊಟ್ಟ ಮಾಹಿತಿಯನ್ನು ಕಾಪಾಡಲಾಗದವರು ಅದನ್ನು ಕೇಳಲೂಬಾರದು.

ಇದರ ಮಿತಿಯನ್ನೂ ತಿಳಿದಿರಿ. ಹತ್ತಾರು ಮಂದಿ ಹತ್ತಾರು ಯಂತ್ರಗಳಿಂದ ಒಂದೇ ಹೊತ್ತಿಗೆ ಬರೆಯುವ ಕಡೆ ಇದು ತಕ್ಕುದಲ್ಲ. ಏಕೆಂದರೆ ಒಂದು ಸಮಯಕ್ಕೆ ಒಬ್ಬರೇ ಬರೆಯಬಹುದು. ಕಡತವನ್ನು ಜಾಲದ ಹಂಚಿಕೆಯ ಫೋಲ್ಡರ್‌ನಲ್ಲಿಟ್ಟು ಹಲವರು ಬಳಸಿದರೆ ಕೆಡುವ ಸಂಭವವಿದೆ. ಅಂತಹ ಕಡೆ ಪೋಸ್ಟ್‌ಗ್ರೆಸ್‌ನಂತಹ ಸರ್ವರ್ ಡೇಟಾಬೇಸ್ ಬೇಕು. ಪ್ರತಿ ತೆಗೆಯುವಾಗಲೂ ಅಷ್ಟೇ: ಬರೆಯುವ ಕೆಲಸ ನಡೆಯುತ್ತಿರುವಾಗ ಕಡತವನ್ನು ಸುಮ್ಮನೆ ನಕಲು ಮಾಡಬೇಡಿ, ಬ್ಯಾಕಪ್ ಆಜ್ಞೆಯನ್ನೇ ಬಳಸಿ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ.

ಕೊನೆಯದಾಗಿ ಒಂದು ವಿನಂತಿ. ನಿಮ್ಮಲ್ಲಿ ನಾಲ್ಕು ಮಂದಿ ಸೇರಿ ನಿಮ್ಮೂರಿನ ಒಂದು ಶಾಲೆಯನ್ನೋ ಗ್ರಂಥಾಲಯವನ್ನೋ ಆರಿಸಿಕೊಳ್ಳಿ. ರಜೆಯಲ್ಲಿ ಅದರ ದಾಖಲೆಯನ್ನು ಇಂತಹ ಒಂದು ಕಡತಕ್ಕೆ ತನ್ನಿ. ಯಾವ ಅಂಕಣದಲ್ಲಿ ಏನಿದೆ ಎಂದು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಡಿ. ನೀವು ನಾಳೆ ದುಬೈಗೋ ಬೆಂಗಳೂರಿಗೋ ಹೋದರೂ ಮುಂದಿನವರು ಅದನ್ನು ತೆರೆಯುವಂತಿರಬೇಕು. ಇದರಿಂದ ನಿಮಗೆ ಅನುಭವ ಸಿಗುತ್ತದೆ, ಸಂಸ್ಥೆಗೆ ನೆನಪು ಉಳಿಯುತ್ತದೆ.