ಹೊಲದಲ್ಲಿ ಉಳಿದ ಹಳೆಯ ಮಾತು



ಹಳಗನ್ನಡವು ಪಂಡಿತರ ಸ್ವತ್ತು, ಹಳ್ಳಿಗರಿಗೆ ಅದರ ಗಂಧವಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಎರೆಹೊಲದ ಬದುವಿನಲ್ಲಿ ನಿಂತು ಇದನ್ನು ಪರೀಕ್ಷಿಸೋಣ.

ಈ ಸೀಮೆಗೆ ಶಾಸನಗಳಲ್ಲಿ 'ಬೆಳ್ವೊಲ 300' ಎಂದು ಹೆಸರು. ಅಣ್ಣಿಗೇರಿಯು ಅದರ ರಾಜಧಾನಿ. ಇಂದಿನ 'ಹೊಲ' ಅಂದು 'ಪೊಲ'. ಪದದ ಮೊದಲಿನ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಸಮಾಸದೊಳಗೆ ಸೇರಿದ 'ಪೊಲ'ವಾದರೋ ಅದಕ್ಕೆ ಮೊದಲೇ 'ವೊಲ'ವಾಗಿದ್ದಿತು. ಆದುದರಿಂದ ಬೆಳ್ವೊಲವು ಹಾಗೆಯೇ ಉಳಿಯಿತು.

941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತೆಲಂಗಾಣದ ಕುರ್ಕ್ಯಾಲ ಶಾಸನವು ತಿಳಿಸುತ್ತದೆ. ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಕವಿಯೇ ಹೇಳಿಕೊಂಡನು. ಹುಲಿಯ ಕೆರೆಯೆಂಬ ಅರ್ಥದ ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಅಣ್ಣಿಗೇರಿಗೆ ಬಹುದೂರವಲ್ಲ.

ಇನ್ನೊಂದು ಮಾತು 'ಒಕ್ಕಲು'. ಶಾಸನಗಳಲ್ಲಿ ಅದಕ್ಕೆ ನೆಲೆಸಿದ ಮನೆತನವೆಂದು ಅರ್ಥ. ಇಲ್ಲಿಯ ರೈತನು ಬೇಸಾಯವನ್ನು ಇಂದಿಗೂ 'ಒಕ್ಕಲುತನ'ವೆನ್ನುತ್ತಾನೆ. ನೆಲವನ್ನು ಉಳುವುದೂ ನೆಲದಲ್ಲಿ ನೆಲೆಸುವುದೂ ಆ ಒಂದೇ ಮಾತಿನಲ್ಲಿ ಅಡಗಿವೆ. ಅದನ್ನು ಗ್ರಾಮ್ಯವೆಂದು ಹೊಡೆದುಹಾಕಿ 'ಕೃಷಿ'ಯೆಂದು ಬರೆಯಿಸಿದರೆ ಮಗುವಿಗೆ ಒಂದು ಪದ ದೊರೆತೀತು, ಸಾವಿರ ವರ್ಷದ ನಂಟು ತಪ್ಪೀತು.

ಶಿಲೆಯ ಮೇಲಿನ ಅಕ್ಷರಗಳನ್ನು ನಾಳೆಯೂ ಓದಬಹುದು. ಮುದುಕರ ಬಾಯಿಯ ಮಾತನ್ನು ಇಂದೇ ಕೇಳಿ ಬರೆದಿಡಬೇಕು. ಮನೆಮನೆಯ ಮಕ್ಕಳು ಈ ಕೆಲಸಕ್ಕೆ ತೊಡಗಲೆಂಬುದು ನಮ್ಮ ಪ್ರಾರ್ಥನೆ.